ಎರಡು ದಿನಾಂಕಗಳ ಸ್ವಾತಂತ್ರ್ಯ: ಇಂಡೋನೇಷ್ಯಾ ಡಚ್ಚರ ಹಿಡಿತದಿಂದ ಬಿಡಿಸಿಕೊಂಡ ಬಗೆ



ಇಂಡೋನೇಷ್ಯಾ ಸ್ವತಂತ್ರವಾದದ್ದು ಯಾವಾಗ? ಸಾಮಾನ್ಯ ಜ್ಞಾನದ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ನೀವೇನು ಬರೆಯುತ್ತೀರಿ? ಆ ದೇಶದ ಯಾವ ಶಾಲೆಯ ಮಗುವನ್ನು ಕೇಳಿದರೂ 1945ರ ಆಗಸ್ಟ್ 17 ಎಂದು ಹೇಳುತ್ತದೆ. ಆದರೆ ಅದನ್ನು ಆಳಿದ ಹಾಲೆಂಡಿನ ಸರ್ಕಾರ ದಶಕಗಳ ಕಾಲ 1949ರ ಡಿಸೆಂಬರ್ 27 ಎಂದೇ ಹೇಳುತ್ತಿತ್ತು. ಎರಡು ದಿನಾಂಕಗಳ ನಡುವೆ ನಾಲ್ಕು ವರ್ಷ ನಾಲ್ಕು ತಿಂಗಳ ಅಂತರವಿದೆ.

ಇದು ಬರೀ ಲೆಕ್ಕದ ಜಗಳವಲ್ಲ. ಮೊದಲ ಉತ್ತರ ಸರಿಯಾದರೆ ಸ್ವಾತಂತ್ರ್ಯವನ್ನು ಜನರು ತಾವೇ ಗಳಿಸಿಕೊಂಡರು ಎಂದಾಯಿತು. ಎರಡನೆಯದು ಸರಿಯಾದರೆ ಯಜಮಾನರು ಅದನ್ನು ಕೊಟ್ಟು ಹೋದರು ಎಂದಾಯಿತು. ಮೊದಲ ಉತ್ತರದ ಪ್ರಕಾರ ನಡುವಿನ ನಾಲ್ಕು ವರ್ಷಗಳ ರಕ್ತಪಾತ ಒಂದು ಸ್ವತಂತ್ರ ದೇಶದ ಮೇಲೆ ನಡೆದ ದಾಳಿ. ಎರಡನೆಯ ಉತ್ತರದ ಪ್ರಕಾರ ಅದು ಸರ್ಕಾರವೊಂದು ತನ್ನದೇ ನೆಲದಲ್ಲಿ ನಡೆಸಿದ 'ಪೊಲೀಸ್ ಕ್ರಮ'. ವಸಾಹತುಗಳು ಸಾಮ್ರಾಜ್ಯಗಳಿಂದ ಹೇಗೆ ಬಿಡಿಸಿಕೊಂಡವು ಎಂಬ ದೊಡ್ಡ ಪ್ರಶ್ನೆಗೆ ಈ ಒಂದು ದೇಶದ ಕಥೆಯಲ್ಲಿ ಸ್ಪಷ್ಟ ಉತ್ತರ ಸಿಗುತ್ತದೆ. ವಿದ್ಯಾರ್ಥಿಗಳು ಅದನ್ನು ತಿಳಿದುಕೊಳ್ಳಬೇಕು. ಏಕೆಂದರೆ ಈ ಕಥೆ ಆರಂಭವಾಗುವುದು ರಣರಂಗದಲ್ಲಲ್ಲ, ಶಾಲೆಯ ಕೋಣೆಯಲ್ಲಿ.

ಲವಂಗದಿಂದ ಸಾಮ್ರಾಜ್ಯಕ್ಕೆ

ಡಚ್ಚರು ಆ ದ್ವೀಪಗಳಿಗೆ ಬಂದದ್ದು ಲವಂಗ, ಜಾಯಿಕಾಯಿ, ಕರಿಮೆಣಸಿನ ಆಸೆಯಿಂದ. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪೆನಿ ಸ್ಥಾಪನೆಯಾಯಿತು. 1619ರಲ್ಲಿ ಜಾವಾದ ಜಯಕರ್ತ ಪಟ್ಟಣವನ್ನು ಅದು ವಶಪಡಿಸಿಕೊಂಡು ಬಟಾವಿಯಾ ಎಂದು ಹೆಸರಿಟ್ಟಿತು. ಅದೇ ಇಂದಿನ ಜಕಾರ್ತ. 1799ರ ಕೊನೆಯಲ್ಲಿ ಕಂಪೆನಿ ಸಾಲದಲ್ಲಿ ಮುಳುಗಿ ಮುಚ್ಚಿಹೋಯಿತು. ಅದರ ಪ್ರದೇಶಗಳು ನೇರವಾಗಿ ಹಾಲೆಂಡ್ ಸರ್ಕಾರದ ಕೈಗೆ ಬಂದವು. ನಮ್ಮ ದೇಶದಲ್ಲಿ 1858ರಲ್ಲಿ ನಡೆದದ್ದು ಅಲ್ಲಿ ಅರ್ಧ ಶತಮಾನಕ್ಕೂ ಮೊದಲೇ ನಡೆದಿತ್ತು.

1830ರಲ್ಲಿ ಹೊಸದೊಂದು ಬೇಸಾಯ ಪದ್ಧತಿ ಜಾರಿಗೆ ಬಂತು. ರೈತರು ತಮ್ಮ ಭೂಮಿಯ ಒಂದು ಪಾಲಿನಲ್ಲಿ ಸರ್ಕಾರ ಹೇಳಿದ ಬೆಳೆಯನ್ನೇ ಬೆಳೆಯಬೇಕು. ಕಾಫಿ, ಕಬ್ಬು, ನೀಲಿಯನ್ನು ಸರ್ಕಾರ ಗೊತ್ತುಮಾಡಿದ ಬೆಲೆಗೆ ಒಪ್ಪಿಸಬೇಕು. ಈ ಆದಾಯ ಕೆಲವು ದಶಕಗಳಲ್ಲಿ ಹಾಲೆಂಡ್ ಸರ್ಕಾರದ ಒಟ್ಟು ವರಮಾನದ ಸುಮಾರು ಮೂರನೇ ಒಂದು ಪಾಲಿನಷ್ಟಾಯಿತು. ಅಲ್ಲಿಯ ರೈಲುಮಾರ್ಗಗಳು ಬೆಳೆದವು, ಸಾಲಗಳು ತೀರಿದವು. ಇತ್ತ ಜಾವಾದ ಕೆಲವು ಪ್ರದೇಶಗಳಲ್ಲಿ ಭತ್ತ ಬೆಳೆಯುವ ರೈತರೇ ಹಸಿವಿನಿಂದ ಸತ್ತರು. ಡೌವೆಸ್ ಡೆಕ್ಕರ್ ಎಂಬ ಡಚ್ ಅಧಿಕಾರಿಯೇ 1860ರಲ್ಲಿ ಮುಲ್ತಾತುಲಿ ಎಂಬ ಹೆಸರಿನಿಂದ ಕಾದಂಬರಿ ಬರೆದು ಈ ಅನ್ಯಾಯವನ್ನು ತನ್ನ ದೇಶದವರ ಮುಂದೆ ಬಯಲಿಗೆಳೆದ.

ಕತ್ತಿಯ ಹೋರಾಟ ಸೋತದ್ದೇಕೆ?

ಜನರು ಸುಮ್ಮನಿದ್ದರೇ? ಖಂಡಿತ ಇಲ್ಲ. ಜಾವಾದಲ್ಲಿ ರಾಜಕುಮಾರ ದಿಪೊನೆಗೊರೊ 1825ರಿಂದ 1830ರವರೆಗೆ ಹೋರಾಡಿದ. ಆ ಯುದ್ಧದಲ್ಲಿ ಸುಮಾರು ಎರಡು ಲಕ್ಷ ಜಾವಾ ನಿವಾಸಿಗಳು ಸತ್ತರೆಂದು ಇತಿಹಾಸಕಾರರ ಅಂದಾಜು. ಕೊನೆಗೆ ಡಚ್ಚರು ಮಾತುಕತೆಗೆಂದು ಕರೆದು ಅಲ್ಲೇ ಅವನನ್ನು ಬಂಧಿಸಿ ಗಡಿಪಾರು ಮಾಡಿದರು. ಸುಮಾತ್ರದ ತುದಿಯ ಅಚೆಯಲ್ಲಿ 1873ರಲ್ಲಿ ಆರಂಭವಾದ ಯುದ್ಧ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಉರಿಯಿತು. ಅಲ್ಲಿ ಚುತ್ ನ್ಯಾ ದಿನ್ ಎಂಬ ಮಹಿಳೆ ಗಂಡ ಮಡಿದ ನಂತರವೂ ಹೋರಾಟ ಮುಂದುವರಿಸಿದಳು.

ಧೈರ್ಯಕ್ಕೆ ಎಲ್ಲೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಒಗ್ಗಟ್ಟಿಗೆ. ಜಾವಾ ಹೋರಾಡುವಾಗ ಸುಮಾತ್ರ ನೋಡುತ್ತಿತ್ತು; ಅಚೆ ಉರಿಯುವಾಗ ಬಾಲಿಗೆ ಅದು ಬೇರೆಯವರ ಮನೆಯ ಬೆಂಕಿ. ಡಚ್ಚರ ಸೈನ್ಯದ ಬಹುಪಾಲು ಸೈನಿಕರೂ ಅದೇ ದ್ವೀಪಗಳವರು. ಒಂದು ದ್ವೀಪದವನ ಕೈಯಲ್ಲಿ ಬಂದೂಕು ಕೊಟ್ಟು ಇನ್ನೊಂದು ದ್ವೀಪದವನ ಮೇಲೆ ಹಾರಿಸುವುದು ಸಾಮ್ರಾಜ್ಯದ ವಿದ್ಯೆ. ನಾವೆಲ್ಲರೂ ಒಂದೇ ಎಂಬ ಭಾವನೆ ಇನ್ನೂ ಹುಟ್ಟಿರಲಿಲ್ಲ. ಅದು ಹುಟ್ಟುವುದಕ್ಕೆ ಬೇರೆಯೇ ಜಾಗ ಬೇಕಿತ್ತು.

ಶಾಲೆಯಿಂದ ಎದ್ದ ದನಿ

1901ರಲ್ಲಿ ಹಾಲೆಂಡಿನ ರಾಣಿ ವಸಾಹತಿನ ಜನರ ಬಗ್ಗೆ ತಮ್ಮ ದೇಶಕ್ಕೆ ನೈತಿಕ ಹೊಣೆ ಇದೆಯೆಂದು ಸಾರಿದರು. ಕೆಲವು ಶಾಲೆಗಳು ತೆರೆದವು. ಆದರೆ ಎಷ್ಟು? 1930ರ ಜನಗಣತಿಯ ವೇಳೆಗೂ ಸುಮಾರು 6 ಕೋಟಿ ಜನಸಂಖ್ಯೆಯಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಕಚೇರಿಗಳಿಗೆ ಗುಮಾಸ್ತರು, ಆಸ್ಪತ್ರೆಗಳಿಗೆ ವೈದ್ಯರು ಬೇಕಾಗಿದ್ದುದರಿಂದ ಅಷ್ಟಕ್ಕೆ ಸಾಕಾಗುವಷ್ಟು ಶಿಕ್ಷಣವನ್ನು ಸರ್ಕಾರ ಕೊಟ್ಟಿತ್ತು.

ಆದರೆ ವಿದ್ಯೆಗೆ ಒಂದು ಗುಣವಿದೆ. ಅಳತೆ ಮಾಡಿ ಕೊಟ್ಟರೂ ಅದು ಅಳತೆಯೊಳಗೆ ನಿಲ್ಲುವುದಿಲ್ಲ. 1908ರ ಮೇ 20ರಂದು ಬಟಾವಿಯಾದ ವೈದ್ಯಕೀಯ ಶಾಲೆಯ ವಿದ್ಯಾರ್ಥಿಗಳು 'ಬುದಿ ಉತೊಮೊ' ಎಂಬ ಸಂಘ ಕಟ್ಟಿದರು. ಆ ದಿನವನ್ನು ಇಂಡೋನೇಷ್ಯಾ ರಾಷ್ಟ್ರೀಯ ಜಾಗೃತಿಯ ದಿನವಾಗಿ ಆಚರಿಸುತ್ತದೆ. ಜವಳಿ ವ್ಯಾಪಾರದಲ್ಲಿ ಪೆಟ್ಟು ತಿಂದ ಬಾಟಿಕ್ ವ್ಯಾಪಾರಿಗಳಿಂದ 'ಸರೆಕತ್ ಇಸ್ಲಾಂ' ಸಂಘಟನೆ ಬೆಳೆದು ಹಳ್ಳಿಹಳ್ಳಿಗೆ ಹರಡಿತು. 1912ರಲ್ಲಿ ಯೋಗ್ಯಕರ್ತ ನಗರದಲ್ಲಿ ಅಹ್ಮದ್ ದಹ್ಲಾನ್ ಅವರು 'ಮುಹಮ್ಮದಿಯಾ' ಸಂಸ್ಥೆ ಸ್ಥಾಪಿಸಿದರು. ಧಾರ್ಮಿಕ ವಿದ್ಯೆಯ ಜೊತೆಗೆ ಗಣಿತ, ವಿಜ್ಞಾನ, ಭೂಗೋಳವನ್ನೂ ಮಕ್ಕಳು ಕಲಿಯಬೇಕು ಎಂಬುದು ಅವರ ನಿಲುವು. ಬೆಂಚು, ಕರಿಹಲಗೆ ಇಟ್ಟು ಪಾಠ ಮಾಡಿದ್ದಕ್ಕೆ ಅವರು ತಮ್ಮವರಿಂದಲೇ ಟೀಕೆ ಕೇಳಬೇಕಾಯಿತು. ಆದರೂ ಅವರು ಶಾಲೆ ನಿಲ್ಲಿಸಲಿಲ್ಲ.

ಹೆಣ್ಣುಮಕ್ಕಳ ಮಾತು ಬಂದರೆ ಕಾರ್ತಿನಿಯವರನ್ನು ನೆನೆಯಬೇಕು. ಜಾವಾದ ಗಣ್ಯ ಕುಟುಂಬದ ಈ ಬಾಲಕಿಯನ್ನು 12ನೇ ವಯಸ್ಸಿಗೆ ಶಾಲೆ ಬಿಡಿಸಿ ಮನೆಯೊಳಗೆ ಇರಿಸಲಾಯಿತು. ಅವರು ನಾಲ್ಕು ಗೋಡೆಗಳ ನಡುವೆ ಕುಳಿತು ಓದಿದರು, ಪತ್ರಗಳನ್ನು ಬರೆದರು, ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. 1904ರಲ್ಲಿ ಹೆರಿಗೆಯ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಅವರಿಗೆ ಬರೀ 25 ವರ್ಷ. 1911ರಲ್ಲಿ ಆ ಪತ್ರಗಳು ಪುಸ್ತಕವಾಗಿ ಬಂದ ಮೇಲೆ ಅವರ ಹೆಸರಿನಲ್ಲೇ ಹೆಣ್ಣುಮಕ್ಕಳ ಶಾಲೆಗಳು ತೆರೆದವು.

ಇನ್ನೊಂದು ಪ್ರಸಂಗ ಕೇಳಿ. 1913ರಲ್ಲಿ ಹಾಲೆಂಡ್ ಫ್ರಾನ್ಸಿನ ಹಿಡಿತದಿಂದ ಬಿಡುಗಡೆಯಾಗಿ ನೂರು ವರ್ಷ ತುಂಬಿತ್ತು. ಆ ಸಂಭ್ರಮವನ್ನು ವಸಾಹತಿನಲ್ಲೂ ಆಚರಿಸಬೇಕು, ಅದಕ್ಕೆ ಅಲ್ಲಿಯ ಜನರೂ ಹಣ ಕೊಡಬೇಕು ಎಂಬ ಏರ್ಪಾಡು ನಡೆಯಿತು. ಆಗ ಸುವರ್ದಿ ಎಂಬ 24ರ ಹರೆಯದ ಪತ್ರಕರ್ತ 'ನಾನು ಡಚ್ಚನಾಗಿದ್ದಿದ್ದರೆ' ಎಂಬ ಲೇಖನ ಬರೆದ. ತಾನು ಡಚ್ಚನಾಗಿದ್ದರೆ, ಸ್ವಾತಂತ್ರ್ಯ ಕಳೆದುಕೊಂಡವರ ಅಂಗಳದಲ್ಲಿ ತನ್ನ ಸ್ವಾತಂತ್ರ್ಯದ ಹಬ್ಬ ಮಾಡುತ್ತಿರಲಿಲ್ಲ ಎಂಬುದು ಅದರ ತಾತ್ಪರ್ಯ. ಸರ್ಕಾರ ಅವನನ್ನು ಗಡಿಪಾರು ಮಾಡಿತು. ಎಲ್ಲಿಗೆ? ಹಾಲೆಂಡಿಗೇ! ಅವನು ಅಲ್ಲಿ ಶಿಕ್ಷಣಶಾಸ್ತ್ರ ಓದಿದ. ಮರಳಿ ಬಂದು 1922ರಲ್ಲಿ 'ತಮನ್ ಸಿಸ್ವ', ಅಂದರೆ ವಿದ್ಯಾರ್ಥಿಗಳ ತೋಟ, ಎಂಬ ಶಾಲೆಗಳನ್ನು ತೆರೆದ. ಮುಂದೆ ಕಿ ಹಜರ್ ದೇವಾಂತರ ಎಂದು ಪ್ರಸಿದ್ಧರಾದವರು ಇವರೇ. ಸ್ವತಂತ್ರ ಇಂಡೋನೇಷ್ಯಾದ ಮೊದಲ ಶಿಕ್ಷಣ ಸಚಿವರೂ ಇವರೇ.

1932ರಲ್ಲಿ ಡಚ್ ಸರ್ಕಾರ ಇಂಥ ಖಾಸಗಿ ಶಾಲೆಗಳನ್ನು 'ಕಾಡು ಶಾಲೆ'ಗಳೆಂದು ಕರೆದು, ಅನುಮತಿಯಿಲ್ಲದೆ ಪಾಠ ಮಾಡಬಾರದೆಂಬ ಕಾನೂನು ತಂದಿತು. ದೇವಾಂತರ ವಿರೋಧಿಸಿದರು. ಧಾರ್ಮಿಕ ಸಂಸ್ಥೆಗಳು, ರಾಷ್ಟ್ರೀಯ ಪಕ್ಷಗಳು, ಪತ್ರಿಕೆಗಳು ಎಲ್ಲವೂ ಅವರ ಜೊತೆ ನಿಂತವು. ಮರುವರ್ಷವೇ ಸರ್ಕಾರ ಹಿಂದೆ ಸರಿಯಿತು. ಫಿರಂಗಿಗೆ ಹೆದರದ ಸರ್ಕಾರ ಕರಿಹಲಗೆಗೆ ಏಕೆ ಹೆದರಿತು ಎಂದು ಯೋಚಿಸಿ ನೋಡಿ.

ಭಾಷೆಯೊಂದು ದೇಶವನ್ನು ಕಟ್ಟಿತು

1928ರ ಅಕ್ಟೋಬರ್ 28ರಂದು ಬಟಾವಿಯಾದಲ್ಲಿ ಸೇರಿದ್ದ ಯುವಜನರ ಸಮ್ಮೇಳನ ಒಂದು ಪ್ರತಿಜ್ಞೆ ಮಾಡಿತು. ನಮ್ಮ ತಾಯ್ನಾಡು ಒಂದು, ನಮ್ಮ ಜನಾಂಗ ಒಂದು, ನಮ್ಮನ್ನು ಒಂದುಗೂಡಿಸುವ ಭಾಷೆ ಇಂಡೋನೇಷ್ಯಾ ಭಾಷೆ ಎಂಬುದು ಅದರ ಸಾರ. ಇಲ್ಲಿ ಒಂದು ವಿಷಯ ಗಮನಿಸಿ. ಅತಿ ಹೆಚ್ಚು ಜನರ ಮಾತೃಭಾಷೆ ಜಾವಾನೀಸ್. ಆದರೂ ಅವರು ಆರಿಸಿಕೊಂಡದ್ದು ಬಂದರುಗಳಲ್ಲಿ, ಸಂತೆಗಳಲ್ಲಿ ಎಲ್ಲರೂ ಬಳಸುತ್ತಿದ್ದ ಮಲಯ್ ಭಾಷೆಯನ್ನು. ಜಾವಾನೀಸಿನಲ್ಲಿ ದೊಡ್ಡವರಿಗೊಂದು, ಚಿಕ್ಕವರಿಗೊಂದು ಮಾತಿನ ಶ್ರೇಣಿಯಿದೆ. ಮಲಯ್ ಭಾಷೆಯಲ್ಲಿ ಆ ಕಟ್ಟುಪಾಡು ಕಡಿಮೆ. ಜಾವಾದ ಯುವಕರು ತಮ್ಮ ಭಾಷೆಯೇ ಎಲ್ಲರ ಭಾಷೆಯಾಗಲಿ ಎಂದು ಹಟ ಹಿಡಿಯಲಿಲ್ಲ. ಬಹುಸಂಖ್ಯಾತರು ಒಂದು ಹೆಜ್ಜೆ ಹಿಂದೆ ಸರಿದದ್ದರಿಂದ ದೇಶ ಹತ್ತು ಹೆಜ್ಜೆ ಮುಂದೆ ಹೋಯಿತು. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಭಾಷೆ ಆಡುವ ನಮಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ.

ಈ ತಲೆಮಾರಿನವರೇ ಎಂಜಿನಿಯರಿಂಗ್ ಓದಿದ ಸುಕಾರ್ನೊ ಮತ್ತು ಹಾಲೆಂಡಿನಲ್ಲಿ ಅರ್ಥಶಾಸ್ತ್ರ ಓದಿದ ಮುಹಮ್ಮದ್ ಹತ್ತಾ. ಇಬ್ಬರೂ ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಸಾಮ್ರಾಜ್ಯವನ್ನೇ ಆರೋಪಿಯಾಗಿಸಿದರು. ಇಬ್ಬರೂ ಸೆರೆಮನೆ, ಗಡಿಪಾರು ಅನುಭವಿಸಿದರು. ಹತ್ತಾ ಗಡಿಪಾರಿಗೆ ಹೋಗುವಾಗ ಪೆಟ್ಟಿಗೆಗಟ್ಟಲೆ ಪುಸ್ತಕ ಒಯ್ದರು. ಬಂದಾ ದ್ವೀಪದಲ್ಲಿ ಅಲ್ಲಿಯ ಮಕ್ಕಳಿಗೆ ಪಾಠ ಹೇಳುತ್ತಾ ವರ್ಷಗಳನ್ನು ಕಳೆದರು.

ಕುಸಿದ ಸಾಮ್ರಾಜ್ಯ, ಎರಡು ವಾಕ್ಯದ ಘೋಷಣೆ

1942ರ ಮಾರ್ಚ್ 1ರಂದು ಜಪಾನಿನ ಸೈನ್ಯ ಜಾವಾದಲ್ಲಿ ಇಳಿಯಿತು. ಮಾರ್ಚ್ 8ಕ್ಕೆ ಡಚ್ಚರು ಶರಣಾದರು. ಮೂರು ಶತಮಾನಗಳ ಗರ್ವ ಒಂದೇ ವಾರದಲ್ಲಿ ಮಣ್ಣುಪಾಲಾಯಿತು. ಆದರೆ ಜಪಾನ್ ಬಿಡುಗಡೆ ತರಲಿಲ್ಲ. ಲಕ್ಷಾಂತರ ಜನರನ್ನು ಬಿಟ್ಟಿ ದುಡಿಮೆಗೆ ಎಳೆದೊಯ್ದರು. ಅಕ್ಕಿ ಕಸಿದುಕೊಂಡದ್ದರಿಂದ ಜಾವಾದಲ್ಲಿ ಭೀಕರ ಹಸಿವು ಹರಡಿತು. ಹಾಗಿದ್ದರೂ ಬಿಳಿಯರನ್ನು ಸೋಲಿಸಲು ಸಾಧ್ಯ ಎಂಬುದನ್ನು ಜನ ಕಣ್ಣಾರೆ ಕಂಡಿದ್ದರು. ಸಾವಿರಾರು ಯುವಕರು ಸೈನಿಕ ತರಬೇತಿ ಪಡೆದಿದ್ದರು.

1945ರ ಆಗಸ್ಟ್ 15ರಂದು ಜಪಾನ್ ಶರಣಾಯಿತು. ಹಿರಿಯ ನಾಯಕರು ಹಿಂದೆಮುಂದೆ ನೋಡುತ್ತಿದ್ದಾಗ, ತಡಮಾಡಿದರೆ ಅವಕಾಶ ಕೈತಪ್ಪುತ್ತದೆಂದು ಯುವಕರು ಸುಕಾರ್ನೊ ಮತ್ತು ಹತ್ತಾರನ್ನು ನಸುಕಿನಲ್ಲಿ ಬೇರೊಂದು ಊರಿಗೆ ಕರೆದೊಯ್ದು ಒತ್ತಾಯಿಸಿದರು. ಆಗಸ್ಟ್ 17, ರಮಝಾನಿನ ಒಂದು ಶುಕ್ರವಾರ. ಬೆಳಿಗ್ಗೆ 10 ಗಂಟೆಗೆ ಸುಕಾರ್ನೊ ತಮ್ಮ ಮನೆಯ ಮುಂದೆ ನಿಂತು ಘೋಷಣೆ ಓದಿದರು. ಅದರಲ್ಲಿದ್ದದ್ದು ಎರಡೇ ವಾಕ್ಯ. ಅವರ ಪತ್ನಿ ಫಾತ್ಮವತಿ ಹೊಲಿದ ಕೆಂಪು ಬಿಳಿ ಬಾವುಟ ಏರಿತು.

ಮರುದಿನ ಸಂವಿಧಾನ ಒಪ್ಪುವಾಗ ಒಂದು ಬಿಕ್ಕಟ್ಟು ಬಂತು. ಮುಸ್ಲಿಮರು ಶರೀಅತ್ ಪಾಲಿಸುವ ಹೊಣೆಯ ಬಗ್ಗೆ ಪೀಠಿಕೆಯಲ್ಲಿ ಒಂದು ವಾಕ್ಯಭಾಗವಿತ್ತು. ಪೂರ್ವದ ದ್ವೀಪಗಳ ಕ್ರೈಸ್ತರಿಗೆ ಇದರಿಂದ ಆತಂಕವಾಗಿದೆಯೆಂಬ ಸುದ್ದಿ ಬಂತು. ಹತ್ತಾ ಮುಸ್ಲಿಂ ನಾಯಕರ ಜೊತೆ ಮಾತನಾಡಿದರು. ಆ ಭಾಗವನ್ನು ಕೈಬಿಡಲು ಅವರು ಒಪ್ಪಿದರು. ಈ ತೀರ್ಮಾನದ ಬಗ್ಗೆ ಅಲ್ಲಿ ಮುಂದೆಯೂ ಚರ್ಚೆ ನಡೆದಿದೆ. ಆದರೆ ದೇಶ ಹುಟ್ಟಿದ ಮರುದಿನವೇ ಒಡೆಯಬಾರದೆಂಬ ಕಾಳಜಿ ಅದರ ಹಿಂದಿತ್ತು.

ಸುರಬಾಯ ಮತ್ತು ನಮ್ಮ ಸೈನಿಕರು

ಯುದ್ಧದಿಂದ ದಣಿದ ಸಾಮ್ರಾಜ್ಯಗಳು ತಾವಾಗಿಯೇ ಬಿಟ್ಟುಹೋದವು ಎಂದು ಕೆಲವರು ಹೇಳುತ್ತಾರೆ. ಅವರು ಸುರಬಾಯದ ಕಥೆ ಓದಬೇಕು. ಜಪಾನೀಯರ ಶಸ್ತ್ರ ಕೆಳಗಿಡಿಸುವ ಹೆಸರಿನಲ್ಲಿ ಮೊದಲು ಬಂದದ್ದು ಬ್ರಿಟಿಷ್ ಸೈನ್ಯ. ಅವರ ಬೆನ್ನಿಗೆ ಡಚ್ಚರು ಬಂದರು. 1945ರ ಅಕ್ಟೋಬರ್ 22ರಂದು ನಹ್ದತುಲ್ ಉಲಮಾ ಸಂಘಟನೆ, ಹಾಶಿಂ ಅಶ್ಅರಿಯವರ ನೇತೃತ್ವದಲ್ಲಿ, ದೇಶದ ರಕ್ಷಣೆ ಪ್ರತಿಯೊಬ್ಬ ಮುಸ್ಲಿಮನ ಕರ್ತವ್ಯವೆಂದು ಸಾರಿತು. ಅಕ್ಟೋಬರ್ ಕೊನೆಯಲ್ಲಿ ಸುರಬಾಯದಲ್ಲಿ ಕಾದಾಟ ಶುರುವಾಗಿ 30ರಂದು ಬ್ರಿಗೇಡಿಯರ್ ಮ್ಯಾಲಬಿ ಹತನಾದ. ನವೆಂಬರ್ 10ರಂದು ಬ್ರಿಟಿಷರು ಭೂಮಿ, ಸಮುದ್ರ, ಆಕಾಶದಿಂದ ನಗರದ ಮೇಲೆ ಮುಗಿಬಿದ್ದರು. ನಗರವನ್ನು ಪೂರ್ತಿ ಹಿಡಿಯಲು ಸುಮಾರು ಮೂರು ವಾರ ಬೇಕಾಯಿತು. ಆ ನವೆಂಬರ್ 10 ಅಲ್ಲಿ ವೀರರ ದಿನ.

ಓದುಗರೇ, ಆ ಬ್ರಿಟಿಷ್ ಸೈನ್ಯದ ಸೈನಿಕರು ಯಾರು? ಬಹುಪಾಲು ನಮ್ಮವರೇ, ಭಾರತೀಯರು. ಗುಲಾಮ ದೇಶವೊಂದರ ಮಕ್ಕಳನ್ನು ಇನ್ನೊಂದು ದೇಶವನ್ನು ಗುಲಾಮಗಿರಿಗೆ ಮರಳಿಸಲು ಕಳಿಸಲಾಗಿತ್ತು. ನೆಹರೂ ಅವರು ಇದನ್ನು ಬಹಿರಂಗವಾಗಿ ಖಂಡಿಸಿದರು. ನೂರಾರು ಭಾರತೀಯ ಸೈನಿಕರು, ಅದರಲ್ಲೂ ಮುಸ್ಲಿಂ ಸೈನಿಕರು, ಪಾಳೆಯ ತೊರೆದು ಇಂಡೋನೇಷ್ಯಾದ ಪಕ್ಷ ಸೇರಿದರು. ಉಳಿದವರು ಆಜ್ಞೆ ಪಾಲಿಸಿದರು. ಇಬ್ಬರನ್ನೂ ಇತಿಹಾಸ ನೆನಪಿಡಬೇಕು.

ಇನ್ನೊಂದು ಕಹಿ ಸತ್ಯವನ್ನೂ ಮುಚ್ಚಿಡಬಾರದು. ಆ ಅರಾಜಕ ತಿಂಗಳುಗಳಲ್ಲಿ ಉದ್ರಿಕ್ತ ಗುಂಪುಗಳು ಡಚ್, ಮಿಶ್ರ ಸಂತತಿಯ ಮತ್ತು ಚೀನೀ ಕುಟುಂಬಗಳ ಸಾವಿರಾರು ನಿರಪರಾಧಿಗಳನ್ನು ಕೊಂದವು. ನ್ಯಾಯವಾದ ಹೋರಾಟದಲ್ಲೂ ಅನ್ಯಾಯ ನುಸುಳಬಹುದು. ಹೋರಾಟ ನ್ಯಾಯವಾದದ್ದೆಂಬ ಕಾರಣಕ್ಕೆ ಅದು ನ್ಯಾಯವಾಗುವುದಿಲ್ಲ.

ಜಗತ್ತಿನ ಮುಂದೆ

ಡಚ್ಚರು ಒಂದು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ತಂದರು. ಒಪ್ಪಂದ ಮಾಡಿಕೊಂಡರು, ಮುರಿದರು. 1947ರ ಜುಲೈಯಲ್ಲಿ ಮೊದಲ 'ಪೊಲೀಸ್ ಕ್ರಮ' ನಡೆಯಿತು. ಅದೇ ವರ್ಷ ಡಿಸೆಂಬರ್ 9ರಂದು ರಾವಗೆದೆ ಎಂಬ ಹಳ್ಳಿಯ ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಲಾಯಿತು. ಸತ್ತವರು 431 ಎಂಬುದು ಗ್ರಾಮಸ್ಥರ ಲೆಕ್ಕ.

ಬಂದೂಕಿನ ಬಲದಲ್ಲಿ ಇಂಡೋನೇಷ್ಯಾ ಸಮನಾಗಿರಲಿಲ್ಲ. ಆದ್ದರಿಂದ ಅದು ಎರಡು ದಾರಿ ಹಿಡಿಯಿತು: ಒಳಗೆ ಗೆರಿಲ್ಲಾ ಹೋರಾಟ, ಹೊರಗೆ ರಾಜತಾಂತ್ರಿಕತೆ. 1946ರಲ್ಲಿ ಪ್ರಧಾನಿ ಶಾಹ್ರಿರ್ ಅವರು, ತಮ್ಮ ಜನರೇ ಕಷ್ಟದಲ್ಲಿದ್ದಾಗ, ಆಹಾರದ ಕೊರತೆಯಲ್ಲಿದ್ದ ಭಾರತಕ್ಕೆ 5 ಲಕ್ಷ ಟನ್ ಅಕ್ಕಿ ಕೊಡಲು ಮುಂದೆ ಬಂದರು. ಬದಲಿಗೆ ಬಟ್ಟೆ ಮುಂತಾದ ಸಾಮಗ್ರಿ ಕೇಳಿದರು. ಇದು ವ್ಯಾಪಾರವೂ ಹೌದು, 'ನಾವೊಂದು ದೇಶ' ಎಂಬ ಘೋಷಣೆಯೂ ಹೌದು. 1947ರ ಜೂನ್‌ನಲ್ಲಿ ಹಾಜಿ ಆಗುಸ್ ಸಲೀಂ ಕೈರೋದಲ್ಲಿ ಈಜಿಪ್ಟಿನೊಡನೆ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿದರು. ಜುಲೈಯಲ್ಲಿ ಒಡಿಶಾದ ಬಿಜು ಪಟ್ನಾಯಕ್ ಡಚ್ಚರ ದಿಗ್ಬಂಧನ ಲೆಕ್ಕಿಸದೆ ವಿಮಾನ ಹಾರಿಸಿ ಶಾಹ್ರಿರ್ ಅವರನ್ನು ಹೊರಗೆ ಕರೆತಂದರು. ಭಾರತ ಮತ್ತು ಆಸ್ಟ್ರೇಲಿಯಾ ಈ ವಿಷಯವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದಿಟ್ಟವು. ಆಗಸ್ಟ್‌ನಲ್ಲಿ ಶಾಹ್ರಿರ್ ಅಲ್ಲೇ ನಿಂತು ತಮ್ಮ ದೇಶದ ಪರವಾಗಿ ಮಾತನಾಡಿದರು.

1948ರ ಡಿಸೆಂಬರ್ 19ರಂದು ಡಚ್ಚರು ರಾಜಧಾನಿಯಾಗಿದ್ದ ಯೋಗ್ಯಕರ್ತವನ್ನು ಹಿಡಿದು ಸುಕಾರ್ನೊ, ಹತ್ತಾರನ್ನು ಬಂಧಿಸಿದರು. ಅಲ್ಲಿಗೆ ಕಥೆ ಮುಗಿಯಿತೆಂದು ಅವರು ಭಾವಿಸಿದರು. ಆದರೆ ಸುಮಾತ್ರದಲ್ಲಿ ಶಾಫ್ರುದ್ದೀನ್ ತುರ್ತು ಸರ್ಕಾರ ರಚಿಸಿದರು. ಜಾವಾದಲ್ಲಿ ದಂಡನಾಯಕ ಸುದಿರ್ಮನ್ ಕಾಡು ಸೇರಿದರು. ಈ ಸುದಿರ್ಮನ್ ಯಾರು ಗೊತ್ತೇ? ಮುಹಮ್ಮದಿಯಾ ಶಾಲೆಯೊಂದರ ಮೇಷ್ಟ್ರು! ಕ್ಷಯರೋಗದಿಂದ ನಡೆಯಲಾರದ ಅವರನ್ನು ಡೋಲಿಯಲ್ಲಿ ಕೂರಿಸಿ ಬೆಟ್ಟದಿಂದ ಬೆಟ್ಟಕ್ಕೆ ಹೊತ್ತೊಯ್ಯುತ್ತಿದ್ದರು. ಅಲ್ಲಿಂದಲೇ ಅವರು ಯುದ್ಧ ನಡೆಸಿದರು.

ಭಾರತ ಡಚ್ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. 1949ರ ಜನವರಿಯಲ್ಲಿ ದೆಹಲಿಯಲ್ಲಿ ಇಂಡೋನೇಷ್ಯಾದ ಕುರಿತೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದೇ ತಿಂಗಳು ಭದ್ರತಾ ಮಂಡಳಿ ನಾಯಕರ ಬಿಡುಗಡೆ ಮತ್ತು ಅಧಿಕಾರ ಹಸ್ತಾಂತರಕ್ಕೆ ಕರೆ ನೀಡಿತು. ಯುದ್ಧಾನಂತರದ ನೆರವಿಗೆ ಅಮೆರಿಕವನ್ನು ನೆಚ್ಚಿದ್ದ ಹಾಲೆಂಡಿಗೆ ಆ ಕಡೆಯಿಂದಲೂ ಒತ್ತಡ ಬಂತು. ಕೊನೆಗೆ ಹೇಗ್ ನಗರದ ದುಂಡುಮೇಜಿನ ಸಭೆಯ ನಂತರ 1949ರ ಡಿಸೆಂಬರ್ 27ರಂದು ಅಧಿಕಾರ ಹಸ್ತಾಂತರವಾಯಿತು. ಒಂದು ತಿಂಗಳೊಳಗೆ, 1950ರ ಜನವರಿ 26ರಂದು, ಭಾರತದ ಮೊದಲ ಗಣರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದವರು ಸುಕಾರ್ನೊ. ಮೂರು ದಿನಗಳ ನಂತರ ಸುದಿರ್ಮನ್ ತೀರಿಕೊಂಡರು.

ಬಿಡುಗಡೆಯ ಬೆಲೆ ಇನ್ನೂ ಇತ್ತು. ವಸಾಹತು ಸರ್ಕಾರದ 430 ಕೋಟಿ ಗಿಲ್ಡರ್ ಸಾಲವನ್ನು ಹೊಸ ದೇಶ ಹೊರಬೇಕಾಯಿತು. ಪಶ್ಚಿಮ ನ್ಯೂಗಿನಿಯನ್ನು ಡಚ್ಚರು ಇನ್ನೂ ಹದಿಮೂರು ವರ್ಷ ಇಟ್ಟುಕೊಂಡರು. ಅದು 1963ರಲ್ಲಿ ಇಂಡೋನೇಷ್ಯಾದ ಕೈಗೆ ಬಂದಾಗ ಅಲ್ಲಿಯ ಪಪುವಾ ಜನರ ಮನಸ್ಸನ್ನು ಯಾರೂ ಸರಿಯಾಗಿ ಕೇಳಲಿಲ್ಲ. ಸಾಮ್ರಾಜ್ಯದಿಂದ ಬಿಡಿಸಿಕೊಂಡವರಿಗೂ ಇತರರ ದನಿ ಕೇಳಿಸದೆ ಹೋಗಬಹುದು ಎಂಬುದಕ್ಕೆ ಇದು ಸಾಕ್ಷಿ.

ಯಾವ ದಿನಾಂಕ ಸರಿ?

ರಾವಗೆದೆಯ ವಿಧವೆಯರು ತಮ್ಮ ಮುಪ್ಪಿನಲ್ಲಿ ಹೇಗ್ ನ್ಯಾಯಾಲಯದ ಮೆಟ್ಟಿಲೇರಿದರು. 2011ರಲ್ಲಿ ತೀರ್ಪು ಅವರ ಪರವಾಗಿ ಬಂತು. 2022ರಲ್ಲಿ ಡಚ್ ಪ್ರಧಾನಿ ಆ ಯುದ್ಧದ ಅತಿರೇಕದ ಹಿಂಸೆಗೆ ಕ್ಷಮೆ ಕೇಳಿದರು. 2023ರ ಜೂನ್‌ನಲ್ಲಿ, 1945ರ ಆಗಸ್ಟ್ 17ನ್ನೇ ಇಂಡೋನೇಷ್ಯಾದ ಸ್ವಾತಂತ್ರ್ಯದ ದಿನವೆಂದು ಪೂರ್ತಿಯಾಗಿ ಒಪ್ಪುವುದಾಗಿ ಹೇಳಿದರು. ಸರಿ ಉತ್ತರ ಬರೆಯಲು ಆಳಿದವರಿಗೆ ಸುಮಾರು 78 ವರ್ಷ ಹಿಡಿಯಿತು.

ಈಗ ನಮ್ಮ ಪ್ರಶ್ನೆಗೆ ಬರೋಣ. ವಸಾಹತುಗಳು ಹೇಗೆ ಬಿಡಿಸಿಕೊಂಡವು? ಒಬ್ಬ ನಾಯಕನಿಂದಲ್ಲ, ಒಂದು ಯುದ್ಧದಿಂದಲ್ಲ, ಯಜಮಾನರ ಔದಾರ್ಯದಿಂದಂತೂ ಅಲ್ಲ. ಸಾಮ್ರಾಜ್ಯ ಕುಸಿಯುವ ಗಳಿಗೆ ಹೊರಗಿನಿಂದ ಬರಬಹುದು. ಆ ಗಳಿಗೆಯನ್ನು ಹಿಡಿಯಬಲ್ಲ ಜನರನ್ನು ಮಾತ್ರ ಒಳಗೇ ಬೆಳೆಸಬೇಕು. 1830ರಲ್ಲಿ ದಿಪೊನೆಗೊರೊ ಬಂಧನದೊಂದಿಗೆ ಹೋರಾಟ ಮುಗಿಯಿತು. 1948ರಲ್ಲಿ ಸುಕಾರ್ನೊ ಬಂಧನದಿಂದ ಅದು ಮುಗಿಯಲಿಲ್ಲ. ನಡುವೆ ಏನು ಬದಲಾಗಿತ್ತು? ಶಾಲೆಗಳು ಬಂದಿದ್ದವು, ಪತ್ರಿಕೆಗಳು ಬಂದಿದ್ದವು, ಎಲ್ಲರೂ ಒಪ್ಪಿದ ಭಾಷೆಯೊಂದು ಬಂದಿತ್ತು. ಒಬ್ಬ ನಾಯಕ ಬಿದ್ದರೆ ಅವನ ಜಾಗದಲ್ಲಿ ನಿಲ್ಲಬಲ್ಲ ನೂರು ಜನ ಬಂದಿದ್ದರು.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಹಳ್ಳಿಯಲ್ಲೊಂದು ಶಾಲೆ ತೆರೆದಾಗ, ಬಡ ಮಗುವಿಗೊಂದು ವಿದ್ಯಾರ್ಥಿವೇತನ ಸಿಕ್ಕಾಗ, ಓದು ನಿಲ್ಲಿಸಿದ ಹೆಣ್ಣುಮಗಳೊಬ್ಬಳು ಮತ್ತೆ ಪುಸ್ತಕ ಹಿಡಿದಾಗ ಅದು ಸಣ್ಣ ಸುದ್ದಿಯೆಂದು ಭಾವಿಸಬೇಡಿ. ಪತ್ರಿಕೆಗಳ ಮೊದಲ ಪುಟದಲ್ಲಿ ಅದು ಬರುವುದಿಲ್ಲ. ಅಹ್ಮದ್ ದಹ್ಲಾನ್ 1912ರಲ್ಲಿ ಸಂಸ್ಥೆ ಕಟ್ಟಿದಾಗಲೂ, ಅದರ ಶಾಲೆಯ ಮೇಷ್ಟ್ರೊಬ್ಬರು ಮುಂದೊಂದು ದಿನ ಡೋಲಿಯಲ್ಲಿ ಕುಳಿತು ದೇಶವನ್ನು ಕಾಯುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ.